ಕಬ್ಬಿನ ಹಾಲಿಗೆ ಬಿದ್ದ ಕಾರಿನ ಕೀ: ರಿಮೋಟ್ ಸತ್ತಿದೆ, ಹೊಸದೇ ತಗೊಳ್ಳಬೇಕಾ?

ಬೆಲ್ಲದಚ್ಚು, ಮಂಡ್ಯ:
ಎಲ್ಲರಿಗೂ ನಮಸ್ಕಾರ. ನಗುವವರು ಮೊದಲು ನಕ್ಕು ಮುಗಿಸಿ, ಆಮೇಲೆ ಸಲಹೆ ಕೊಡಿ.

ಹೋದ ಭಾನುವಾರ ಬೆಂಗಳೂರಿನಿಂದ ನೆಂಟರು ಬಂದಿದ್ದರು. ಮಕ್ಕಳಿಗೆ ಆಲೆಮನೆ ತೋರಿಸೋಣ ಎಂದು ಊರ ಹತ್ತಿರದ ಒಂದಕ್ಕೆ ಕರೆದುಕೊಂಡು ಹೋದೆ. ಗಾಣದ ಪಕ್ಕ ಬಗ್ಗಿ ಲೋಟಕ್ಕೆ ಹಾಲು ಹಿಡಿಯುವಾಗ ಅಂಗಿ ಜೇಬಿನಲ್ಲಿದ್ದ ಕಾರಿನ ಕೀ ಜಾರಿ ಸೀದಾ ಕಬ್ಬಿನ ಹಾಲಿನ ಡ್ರಮ್ಮಿಗೆ ಬಿತ್ತು. ಪುಣ್ಯಕ್ಕೆ ಕೊಪ್ಪರಿಗೆಗೆ ಬೀಳಲಿಲ್ಲ. ಆಲೆಮನೆಯವರು ಗೊಣಗಿಕೊಂಡೇ ಜಾಲರಿ ಹಾಕಿ ಎತ್ತಿಕೊಟ್ಟರು. ಐದು ನಿಮಿಷವಾದರೂ ಒಳಗಿತ್ತು.

ಕಾರು 2017ರದ್ದು. ಮಡಚುವ ಫ್ಲಿಪ್ ಕೀ, ಲಾಕ್ ಮತ್ತು ಅನ್‌ಲಾಕ್ ಎರಡೇ ಬಟನ್. ಅಲ್ಲೇ ನಲ್ಲಿ ನೀರಿನಲ್ಲಿ ತೊಳೆದು ಒರೆಸಿದೆ. ಕಾರು ಸ್ಟಾರ್ಟ್ ಆಯಿತು. ಬಟನ್ ಎರಡೂ ಸತ್ತಿವೆ. ಮಾರನೇ ದಿನ ಹೊಸ ಸೆಲ್ ಹಾಕಿದೆ, ಇಲ್ಲ. ವಿಡಿಯೊ ನೋಡಿಕೊಂಡು ಕೀ ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದೆ, ಆಗಲೂ ಇಲ್ಲ. ಶೋರೂಮಿಗೆ ಫೋನ್ ಮಾಡಿದರೆ, 'ರಿಪೇರಿ ಮಾಡಲ್ಲ ಸಾರ್, ಪೂರಾ ಕೀ ಬದಲಾಯಿಸಬೇಕು, 11 ಸಾವಿರ, ಎರಡು ವಾರ' ಎಂದರು. ಸ್ಪೇರ್ ಕೀ ಎಲ್ಲಿ ಎಂದು ಕೇಳಬೇಡಿ. ಎರಡು ವರ್ಷದಿಂದ ಮನೆಯವರೆಲ್ಲ ಹುಡುಕುತ್ತಿದ್ದೇವೆ.

ಇನ್ನೊಂದು ವಿಷಯ. ಕೀ ನೇತುಹಾಕುವ ಮೊಳೆಗೆ ಈಗ ಇರುವೆ ಸಾಲು ಹಚ್ಚಿದೆ.

ನೂರಡಿ ರಸ್ತೆ:
ಮಂಡ್ಯದಲ್ಲಿ ಮಾತ್ರ ಆಗುವಂಥ ಕೆಲಸ ಇದು. ಕೀಯನ್ನು ಅಕ್ಕಿ ಡಬ್ಬಿಯಲ್ಲಿ ಎರಡು ದಿನ ಹೂತಿಡಿ, ನೀರೆಲ್ಲ ಹೀರಿಕೊಳ್ಳುತ್ತದೆ. ನನ್ನ ಫೋನ್ ಹಾಗೇ ಉಳಿದಿದ್ದು.

ಕೀಲಿಕೈ, ಬನ್ನಿಮಂಟಪ:
ಅಕ್ಕಿ ಅನ್ನಕ್ಕಿರಲಿ. ಒಣಗಿಸಲು ಫ್ಯಾನ್ ಗಾಳಿಯೇ ಅಕ್ಕಿಗಿಂತ ಮೇಲು. ಅಕ್ಕಿಯ ಧೂಳು, ತೌಡು ಬಟನ್ ಸಂದಿಗೆ ಸೇರಿಕೊಂಡರೆ ಅದು ಬೇರೆ ತಲೆನೋವು.

ಅಚ್ಚು ಅವರೇ, ಗಾಬರಿ ಬೇಡ. ನಾನು ಮೈಸೂರಿನಲ್ಲಿ ಕೀ ಕೆಲಸವನ್ನೇ ಮಾಡುವವನು. ದಿನಕ್ಕೆ ನಾಲ್ಕು ಜನ ಹೀಗೇ 'ಕೀ ಹೋಯ್ತು' ಅಂತ ಬರುತ್ತಾರೆ. ಯಾವುದು ಹೋಯ್ತು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ನಿಮ್ಮ ಕೈಯಲ್ಲಿರುವುದು ಒಂದು ಕೀ ಅಲ್ಲ, ಒಂದೇ ಪ್ಲಾಸ್ಟಿಕ್ ಒಳಗೆ ಕೂತ ಮೂರು ಕೀ. ಬಾಗಿಲ ಬೀಗ ತಿರುಗಿಸುವ ಕಬ್ಬಿಣದ ಬ್ಲೇಡ್ ಮೊದಲನೆಯದು. ಇಂಜಿನ್‌ಗೆ ಅನುಮತಿ ಕೊಡುವ ಇಮೊಬಿಲೈಸರ್ ಚಿಪ್ ಎರಡನೆಯದು. ಬಾಗಿಲು ತೆಗೆದು ಹಾಕುವ ರಿಮೋಟ್ ಮೂರನೆಯದು.

ಚಿಪ್‌ಗೆ ಸೆಲ್ಲೇ ಬೇಡ. ಇಗ್ನಿಷನ್ ಸುತ್ತ ಒಂದು ಕಾಯಿಲ್, ಅಂದರೆ ತಂತಿ ಸುರುಳಿ ಇರುತ್ತದೆ. ಕೀ ಹಾಕಿ ತಿರುಗಿಸಿದಾಗ ಅದರ ಅಲೆಯಿಂದಲೇ ಚಿಪ್‌ಗೆ ಜೀವ ಬಂದು ತನ್ನ ಗುರುತು ಹೇಳುತ್ತದೆ. ನಿಮ್ಮ ಕಾರು ಸ್ಟಾರ್ಟ್ ಆಗುತ್ತಿದೆ, ಅಂದರೆ ಚಿಪ್ ಸರಿ ಇದೆ. ಬ್ಲೇಡ್ ಹೇಗೂ ಸರಿ ಇದೆ. ಸತ್ತಿರುವುದು ರಿಮೋಟ್ ಒಂದೇ. ಅದಕ್ಕೆ 11 ಸಾವಿರ ಕೊಟ್ಟು ಮೂರನ್ನೂ ಯಾಕೆ ಕೊಳ್ಳುತ್ತೀರಿ?

ಬೆಲ್ಲದಚ್ಚು:
ಇಷ್ಟು ದಿನ ಸೆಲ್ ಹೋದರೆ ಕಾರೇ ಸ್ಟಾರ್ಟ್ ಆಗಲ್ಲ ಎಂದುಕೊಂಡಿದ್ದೆ! ಸರಿ, ರಿಮೋಟ್ ನಿಜಕ್ಕೂ ಸತ್ತಿದೆಯೋ, ಬರೀ ಮೂರ್ಛೆ ಹೋಗಿದೆಯೋ, ಮನೆಯಲ್ಲೇ ತಿಳಿಯುವುದು ಹೇಗೆ?

ಕುಕ್ಕರಹಳ್ಳಿ ವಾಕರ್:
ಸುಲಭ. ಫೋನ್ ಕ್ಯಾಮೆರಾ ಆನ್ ಮಾಡಿ, ಅದರ ಮುಂದೆ ಕೀ ಹಿಡಿದು ಬಟನ್ ಒತ್ತಿ. ನೇರಳೆ ಬೆಳಕು ಕಂಡರೆ ರಿಮೋಟ್ ಬದುಕಿದೆ.

ರೇಡಿಯೊ ತಾತ, ಸರಸ್ವತಿಪುರಂ:
ವಾಕರ್ ಅವರೇ, ಅದು ಟಿವಿ ರಿಮೋಟ್‌ಗೆ. ಅದರಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಇರುತ್ತದೆ, ಕೆಲವು ಕ್ಯಾಮೆರಾಗಳಿಗೆ ಕಾಣುತ್ತದೆ. ಈಗಿನ ಕಾರಿನ ರಿಮೋಟ್ ಕೆಲಸ ಮಾಡುವುದು ರೇಡಿಯೊ ಅಲೆಯಲ್ಲಿ. ನಮ್ಮ ದೇಶದ ಕಾರುಗಳಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್. ಯಾವ ಕ್ಯಾಮೆರಾಗೂ ಅದು ಕಾಣುವುದಿಲ್ಲ. ಈ ಪರೀಕ್ಷೆ ನಂಬಿ ಒಳ್ಳೆಯ ರಿಮೋಟ್ ಎಸೆದವರನ್ನು ನೋಡಿದ್ದೇನೆ.

ರೇಡಿಯೊ ಮಾತು ಬಂತು ಎಂದು ಒಂದು ಮಾತು. 1935ರಲ್ಲಿ ಗೋಪಾಲಸ್ವಾಮಿ ಮೇಷ್ಟ್ರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ ಊರು ನಮ್ಮ ಮೈಸೂರು. ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದೂ ಇಲ್ಲೇ. ಆ ಊರಿನಲ್ಲಿ ಕೂತು ರೇಡಿಯೊ ಅಲೆಯನ್ನು ಕ್ಯಾಮೆರಾದಲ್ಲಿ ಹುಡುಕಬಾರದು, ಅಲ್ವಾ?

ಈಗ ಅಚ್ಚು ಅವರ ವಿಷಯ. ನೀವು ಸಕ್ಕರೆ ನಾಡಿನವರು. ಸಕ್ಕರೆಯನ್ನು ಆಲ್ಕೊಹಾಲ್‌ನಲ್ಲಿ ತೊಳೆಯಲು ಹೊರಟಿದ್ದೀರಲ್ಲ! ಒಂದು ಚಮಚ ಸಕ್ಕರೆ ಅದಕ್ಕೆ ಹಾಕಿ ಕಲಕಿ ನೋಡಿ. ತಳದಲ್ಲಿ ಹಾಗೇ ಕೂತಿರುತ್ತದೆ. ಜಿಡ್ಡು, ಬೆಸುಗೆ ಹಾಕುವಾಗ ಹಚ್ಚುವ ಫ್ಲಕ್ಸ್‌ಗೆಲ್ಲ ಅದು ಒಳ್ಳೆಯದು. ಸಕ್ಕರೆ ಕರಗುವುದು ನೀರಿನಲ್ಲಿ. ನೀವು ಒರೆಸಿದಾಗ ಮೇಲಿನ ನೀರಿನ ಪಸೆ ಹೋಗಿದೆ, ಅಂಟು ಗಟ್ಟಿಯಾಗಿ ಬೋರ್ಡಿಗೇ ಕಚ್ಚಿಕೊಂಡಿದೆ. ಇರುವೆಗೆ ಗೊತ್ತಾಗಿರುವುದು ನಿಮಗೆ ಗೊತ್ತಾಗಿಲ್ಲ ಅಷ್ಟೆ.

ಬೆಲ್ಲದಚ್ಚು:
ತಾತ, ತಲೆ ಚಚ್ಚಿಕೊಂಡೆ. ಹಾಗಾದರೆ ಸರ್ಕೀಟ್ ಬೋರ್ಡನ್ನು ನೀರಿಗೆ ಹಾಕಬಹುದಾ? ಕೇಳುವಾಗಲೇ ಎದೆ ಡವಡವ ಎನ್ನುತ್ತಿದೆ.

ರೇಡಿಯೊ ತಾತ:
ಹಾಕಬಹುದು, ಸೆಲ್ ತೆಗೆದಿದ್ದರೆ ಮಾತ್ರ. ಬೋರ್ಡನ್ನು ಕೊಲ್ಲುವುದು ಬರೀ ನೀರಲ್ಲ, ನೀರಿನ ಜೊತೆ ಸೇರಿದ ಕರೆಂಟು. ಒದ್ದೆ ಇರುವಾಗ ಸೆಲ್ ಇದ್ದರೆ ತಾಮ್ರದ ಗೆರೆಗಳು ಹಸಿರು ಕಟ್ಟಿ ತಿಂದುಹೋಗುತ್ತವೆ. ನೀವು ಮಾರನೇ ದಿನ ಹೊಸ ಸೆಲ್ ಬೇರೆ ಹಾಕಿದ್ದೀರಿ. ಭೂತಗನ್ನಡಿ ಇದ್ದರೆ ಹಸಿರು ಎಲ್ಲಾದರೂ ಇದೆಯಾ ಎಂದು ಮೊದಲು ನೋಡಿ.

ಕಾರಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಉಗುರುಬೆಚ್ಚಗೆ ಮಾಡಿಕೊಳ್ಳಿ, ಕುದಿಸಬೇಡಿ. ಬೋರ್ಡನ್ನು ಹತ್ತು ನಿಮಿಷ ಮುಳುಗಿಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಬಟನ್ ಸುತ್ತ ನಿಧಾನವಾಗಿ ಉಜ್ಜಿ. ನೀರು ಚೆಲ್ಲಿ, ಹೊಸ ನೀರು ಹಾಕಿ. ಹೀಗೆ ಮೂರು ಸಲ. ಕೊನೆಯ ನೀರು ನಾಲಿಗೆಗೆ ಸಿಹಿ ಇರಬಾರದು ಎಂದು ತಮಾಷೆಗೆ ಹೇಳುತ್ತಿದ್ದೇನೆ, ದಯವಿಟ್ಟು ರುಚಿ ನೋಡಬೇಡಿ. ಇದಾದ ಮೇಲೆ ನಿಮ್ಮ ಆಲ್ಕೊಹಾಲ್‌ಗೆ ಕೆಲಸ. ಅದರಲ್ಲಿ ಅದ್ದಿ ತೆಗೆದರೆ ಸಂದಿಯ ನೀರನ್ನು ಎಳೆದುಕೊಂಡು ತಾನೂ ಆರಿಹೋಗುತ್ತದೆ. ಫ್ಯಾನ್ ಕೆಳಗೆ ಒಂದು ದಿನ ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲೂ ಅಂಟು ಇರುತ್ತದೆ.

ಕೀಲಿಕೈ:
ತಾತ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಿಚ್ಚಿದಾಗ ಚಿಪ್ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ, ಫೋಟೊ ತೆಗೆದಿಟ್ಟುಕೊಳ್ಳಿ. ಕೆಲವು ಕೀಗಳಲ್ಲಿ ಅದು ಬೋರ್ಡಿನ ಮೇಲೇ ಇರುತ್ತದೆ. ಕೆಲವದರಲ್ಲಿ ಪ್ಲಾಸ್ಟಿಕ್ ಗೂಡಿನಲ್ಲಿ ಬೇರೆಯಾಗಿ ಕೂತಿರುತ್ತದೆ, ಒಂದು ಕಾಳಿನಷ್ಟು ಕಪ್ಪು ತುಂಡು. ಕಸ ಎಂದು ಎಸೆದರೆ ಕಥೆ ಮುಗಿಯಿತು.

ಹೆಬ್ಬಾಳ ಶಿಫ್ಟ್:
ಹಾಗೆ ಎಸೆದವನು ನಾನೇ. ನನ್ನ ಕೀಯ ಕವಚ ಒಡೆದಿತ್ತು. ಆನ್‌ಲೈನ್‌ನಲ್ಲಿ 350 ರೂಪಾಯಿಗೆ ಹೊಸ ಶೆಲ್ ತರಿಸಿದೆ. ಬ್ಲೇಡ್ ಹಾಕಿದೆ, ಬೋರ್ಡ್ ಹಾಕಿದೆ, ಬಟನ್ ಒತ್ತಿದರೆ ಬಾಗಿಲು ತೆಗೆಯಿತು. ಮಗನ ಮುಂದೆ ಕಾಲರ್ ಎತ್ತಿಕೊಂಡೆ. ಕಾರಿನಲ್ಲಿ ಕೂತು ತಿರುಗಿಸಿದರೆ ಇಂಜಿನ್ ಹತ್ತಿ ಎರಡು ಸೆಕೆಂಡಿಗೆ ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಮೀಟರ್‌ನಲ್ಲಿ ಕೀ ಚಿತ್ರದ ದೀಪ ಮಿಣಮಿಣ. ಹಳೆಯ ಕವಚ ಅಷ್ಟರಲ್ಲಿ ಪಾಲಿಕೆಯ ಕಸದ ಗಾಡಿ ಹತ್ತಿ ಹೋಗಿತ್ತು. ಬೆಳಗ್ಗೆ ಆರಕ್ಕೆ ಎದ್ದು ಮಾಡಿದ ಉಳಿತಾಯ ಇದು.

ಬೆಲ್ಲದಚ್ಚು:
ಅಯ್ಯೋ. ಈಗಲೇ ನೋಡಿದೆ. ನನ್ನದರಲ್ಲಿ ಬೇರೆಯಾಗಿಯೇ ಇದೆ, ಬ್ಲೇಡಿನ ಬುಡದಲ್ಲಿ. ಭದ್ರವಾಗಿ ಕೂತಿದೆ.

ಮದ್ದೂರು ಬ್ರೇಕ್:
ನಮ್ಮದು ಪುಶ್ ಬಟನ್ ಸ್ಟಾರ್ಟ್ ಕಾರು. ಹೋದ ವರ್ಷ ಬೆಂಗಳೂರಿನಿಂದ ಬರುತ್ತಾ ವಡೆ ತಿನ್ನಲು ಎಕ್ಸ್‌ಪ್ರೆಸ್‌ವೇ ಇಳಿದು ಮದ್ದೂರಿನೊಳಗೆ ಹೋದೆವು. (ಹತ್ತು ಲೇನ್ ರಸ್ತೆ ಬಂದು ಊರಿನೊಳಗೆ ಹೋಗುವುದೇ ಮರೆತಿದೆ, ಆದರೆ ವಡೆಗೋಸ್ಕರ ಹೋಗುತ್ತೇವೆ.) ವಾಪಸ್ ಬಂದರೆ ಬಾಗಿಲೇ ತೆಗೆಯಲಿಲ್ಲ. ಫೋಬ್‌ನ, ಅಂದರೆ ಜೇಬಿನಲ್ಲಿಡುವ ಆ ರಿಮೋಟ್ ಕೀಯ, ಸೆಲ್ ಖಾಲಿ. ಅತ್ತೆ ಬಿಸಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು.

ಫೋಬ್ ಹಿಂಬದಿಯಲ್ಲಿ ಒಂದು ಸಣ್ಣ ಲಿವರ್ ಇದೆ, ಅದನ್ನು ಸರಿಸಿದರೆ ಒಳಗಿಂದ ಕಬ್ಬಿಣದ ಕೀ ಬರುತ್ತದೆ ಎಂದು ಪಕ್ಕದ ಟ್ಯಾಕ್ಸಿ ಡ್ರೈವರ್ ತೋರಿಸಿದರು. ಕಾರು ಕೊಂಡು ಮೂರು ವರ್ಷವಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ಬಾಗಿಲು ತೆಗೆದ ಮೇಲೆ ಫೋಬನ್ನು ಸ್ಟಾರ್ಟ್ ಬಟನ್‌ಗೇ ತಾಗಿಸಿ ಹಿಡಿದು ಒತ್ತಿದರೆ ಇಂಜಿನ್ ಹತ್ತಿತು. ಎಲ್ಲ ಕಾರಿನಲ್ಲೂ ಬಟನ್ ಹತ್ತಿರವೇ ಅಲ್ಲ, ಕೆಲವದರಲ್ಲಿ ಬೇರೆ ಜಾಗ ಇದೆ. ಮ್ಯಾನ್ಯುಯಲ್‌ನಲ್ಲಿ ಆ ಒಂದು ಪುಟ ಇವತ್ತೇ ನೋಡಿಟ್ಟುಕೊಳ್ಳಿ.

ಕುಕ್ಕರಹಳ್ಳಿ ವಾಕರ್:
ಕ್ಯಾಮೆರಾ ವಿಷಯದಲ್ಲಿ ತಪ್ಪೊಪ್ಪಿಕೊಂಡೆ. ನನ್ನ ರಿಮೋಟ್ ಹತ್ತಿರ ಹೋದರೆ ಮಾತ್ರ ಕೆಲಸ ಮಾಡುತ್ತದೆ. ಹೊಸ ಸೆಲ್ ಹಾಕಿದರೂ ಹಾಗೇ. ಮಲ್ಟಿಮೀಟರ್ 3 ವೋಲ್ಟ್ ತೋರಿಸುತ್ತಿದೆ. ಇದು ಯಾಕೆ?

ರೇಡಿಯೊ ತಾತ:
ಬರೀ ಸೆಲ್ಲಿಗೆ ಮೀಟರ್ ಹಿಡಿದರೆ ಮುದಿ ಸೆಲ್ ಕೂಡ ಎದೆ ಉಬ್ಬಿಸಿ ನಿಲ್ಲುತ್ತದೆ. ಕೆಲಸ ಕೊಟ್ಟಾಗ ಕುಸಿಯುತ್ತದೆ. ಹೊಸ ಒಳ್ಳೆಯ ಸೆಲ್ 3.2 ವೋಲ್ಟ್ ಮೇಲೆಯೇ ತೋರಿಸಬೇಕು. 3 ಎಂದರೆ ಅಂಗಡಿಯಲ್ಲಿ ಹಳೆಯದಾದ ಸರಕೇ ಇರಬಹುದು.

ಸೆಲ್ ನಂಬರ್ ಕೂಡ ನೋಡಿ. ಸಿಆರ್2032 ಎಂದರೆ ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. 2025 ಅಷ್ಟೇ ಅಗಲ, ದಪ್ಪ 2.5 ಮಾತ್ರ. ಅದು ಇಲ್ಲ ಇದು ಹಾಕಿ ಎಂದು ಅಂಗಡಿಯವರು ಕೊಟ್ಟಿದ್ದರೆ ಸ್ಪ್ರಿಂಗ್ ಸರಿಯಾಗಿ ತಾಗುವುದಿಲ್ಲ. ಒಂದು ಸಲ ಹತ್ತುತ್ತದೆ, ಒಂದು ಸಲ ಇಲ್ಲ. ಮಕ್ಕಳು ನುಂಗದಿರಲಿ ಎಂದು ಕೆಲವು ಸೆಲ್‌ಗೆ ಕಹಿ ಲೇಪನ ಇರುತ್ತದೆ. ಆ ಲೇಪನ ಕೆಲವೊಮ್ಮೆ ಸಂಪರ್ಕಕ್ಕೆ ಅಡ್ಡ ಬರುತ್ತದೆ. ಆಪಲ್ ಕಂಪನಿ ತನ್ನ ಏರ್‌ಟ್ಯಾಗ್‌ಗೆ ಇಂಥ ಸೆಲ್ ಕೆಲಸ ಮಾಡದೇ ಇರಬಹುದು ಎಂದೇ ಹೇಳಿದೆ. ಸ್ಪ್ರಿಂಗ್ ಸ್ವಲ್ಪ ಮೇಲೆತ್ತಿ ನೋಡಿ.

ಅಮ್ಮ, ಕುವೆಂಪುನಗರ:
ಸೆಲ್ ಮಾತು ಬಂದಿದ್ದರಿಂದ ಹೇಳುತ್ತೇನೆ. ತೆಗೆದ ಹಳೆಯ ಸೆಲ್ ಟೀಪಾಯಿ ಮೇಲೆ ಬಿಡಬೇಡಿ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡುತ್ತದೆ. ಖಾಲಿ ಸೆಲ್ಲೂ ಸುಡುತ್ತದೆ. ವಾಂತಿ ಮಾಡಿಸಲು ಹೋಗದೆ ಸೀದಾ ಆಸ್ಪತ್ರೆಗೆ ಓಡಬೇಕು. ಈಗ ನಿಮ್ಮ ಕೀ ಪುರಾಣ ಮುಂದುವರಿಸಿ.

ನೂರಡಿ ರಸ್ತೆ:
ತಾತ, ಕೀಯನ್ನು ಗಲ್ಲಕ್ಕೆ ಒತ್ತಿ ಹಿಡಿದರೆ ಇನ್ನೂ ದೂರದಿಂದ ಕೆಲಸ ಮಾಡುತ್ತದೆ ಎನ್ನುತ್ತಾರಲ್ಲ, ಅದೂ ಅಕ್ಕಿ ಥರದ್ದೇನಾ?

ರೇಡಿಯೊ ತಾತ:
ಅಲ್ಲ, ಅದು ನಿಜ! ತಲೆಯ ತುಂಬ ನೀರು. ಅದು ಅಲೆಗೆ ಆಂಟೆನಾ ಥರ ಆಗುತ್ತದೆ. ದಸರಾ ವಸ್ತುಪ್ರದರ್ಶನದ ಪಾರ್ಕಿಂಗ್‌ನಲ್ಲಿ ಕಾರು ಹುಡುಕುವಾಗ ನಾನೂ ಮಾಡಿದ್ದೇನೆ. ನೋಡುವವರು ಏನಾದರೂ ಅಂದುಕೊಳ್ಳಲಿ.

ಕೀಲಿಕೈ:
ವಾಕರ್ ಅವರೇ, ಇನ್ನೊಂದು ಸಾಧ್ಯತೆ. ಮನೆಯಲ್ಲಿ ಎರಡನೇ ಕೀ ಇದ್ದರೆ ಅದರಲ್ಲೂ ನೋಡಿ. ಎರಡೂ ಒಂದೇ ಥರ ತೊಂದರೆ ಕೊಟ್ಟರೆ ತಪ್ಪು ಕೀಯದ್ದಲ್ಲ, ಕಾರಿನದು. ಎಷ್ಟೋ ಸಲ ಕಾರಿನ 12 ವೋಲ್ಟ್ ಬ್ಯಾಟರಿಯೇ ಸೋತಿರುತ್ತದೆ. ಒಂದೇ ಜಾಗದಲ್ಲಿ ನಿಲ್ಲಿಸಿದಾಗ ಮಾತ್ರ ತೊಂದರೆಯಾದರೆ, ಅಲ್ಲಿ ಯಾವುದಾದರೂ ಅಗ್ಗದ ವೈರ್‌ಲೆಸ್ ಬೆಲ್ಲೋ, ಗೇಟಿನ ರಿಮೋಟೋ ಅದೇ 433ರಲ್ಲಿ ಗಲಾಟೆ ಮಾಡುತ್ತಿರಬಹುದು.

ಕುಕ್ಕರಹಳ್ಳಿ ವಾಕರ್:
ಎರಡನೇ ಕೀ ಸರಿಯಾಗಿ ಕೆಲಸ ಮಾಡಿತು. ಮೊದಲನೆಯದರ ಸೆಲ್ ತೆಗೆದು ನೋಡಿದರೆ 2025. ಅಂಗಡಿಯವರು ಮಡಿಸಿದ ಬೆಳ್ಳಿ ಕಾಗದವನ್ನೂ ಜೊತೆಗೆ ಇಟ್ಟುಕೊಟ್ಟಿದ್ದಾರೆ! ಧನ್ಯವಾದ, ನಾನು ಇಲ್ಲಿಂದ ಕಳಚಿಕೊಂಡೆ.

ಬೆಲ್ಲದಚ್ಚು:
ವರದಿ. ಬುಧವಾರ ರಾತ್ರಿ ತೊಳೆದೆ. ಮೊದಲ ನೀರು ಚಹಾ ಬಣ್ಣಕ್ಕೆ ತಿರುಗಿತು. ಎರಡನೆಯದು ತಿಳಿಯಾಗಿತ್ತು. ಮೂರನೆಯದರಲ್ಲಿ ಏನೂ ಇರಲಿಲ್ಲ. ಆಲ್ಕೊಹಾಲ್, ಫ್ಯಾನ್, ಒಂದು ದಿನ. ಹೊಸ ಸೆಲ್ ಹಾಕಿ ಅಂಗಳಕ್ಕೆ ಹೋಗಿ ಅನ್‌ಲಾಕ್ ಒತ್ತಿದೆ. ಏನೂ ಇಲ್ಲ. ಇನ್ನೊಂದು ಸಲ ಒತ್ತಿದೆ. ಟಕ್ ಎಂದು ನಾಲ್ಕೂ ಬಾಗಿಲು ತೆಗೆದವು! ಮನೆಯವರು ಕುಣಿಯುವುದೊಂದು ಬಾಕಿ.

ಆದರೆ ಲಾಕ್ ಬಟನ್ ಇನ್ನೂ ಸತ್ತಿದೆ. ಒತ್ತಿದರೆ ಟಿಕ್ ಎನ್ನುವ ಬದಲು ರೊಟ್ಟಿ ಹಿಟ್ಟಿಗೆ ಬೆರಳಿಟ್ಟ ಹಾಗಾಗುತ್ತದೆ. ಮೊದಲ ಸಲ ಒತ್ತಿದಾಗ ಯಾಕೆ ತೆಗೆಯಲಿಲ್ಲ ಎನ್ನುವುದೂ ಅರ್ಥವಾಗಲಿಲ್ಲ.

ರೇಡಿಯೊ ತಾತ:
ಭೇಷ್! ಮೊದಲ ಒತ್ತಿಗೆ ತೆಗೆಯದಿರುವುದಕ್ಕೆ ನನ್ನ ಊಹೆ ಹೇಳುತ್ತೇನೆ. ರಿಮೋಟ್ ಒಂದೇ ಗುಟ್ಟನ್ನು ಪ್ರತಿ ಸಲ ಹೇಳುವುದಿಲ್ಲ. ಹೇಳಿದರೆ ಕಳ್ಳ ಅದನ್ನು ಹಿಡಿದಿಟ್ಟುಕೊಂಡು ಮತ್ತೆ ಹೇಳಬಹುದು. ಅದಕ್ಕೆ ಪ್ರತಿ ಒತ್ತಿಗೂ ಗುಟ್ಟು ಬದಲಾಗುತ್ತದೆ. ಇದು ರೋಲಿಂಗ್ ಕೋಡ್. ಕಾರೂ ತನ್ನ ಕಡೆ ಲೆಕ್ಕ ಇಟ್ಟುಕೊಂಡಿರುತ್ತದೆ. ಕಾರಿನಿಂದ ದೂರದಲ್ಲಿ ಕೂತು ಬಟನ್ ಸುಮ್ನೆ ಒತ್ತುತ್ತಾ ಇದ್ದರೆ ರಿಮೋಟ್ ಮುಂದೆ ಓಡುತ್ತದೆ, ಕಾರು ಹಿಂದೆ ಉಳಿಯುತ್ತದೆ. ಕೀಲಾಕ್ ಎಂಬ ಹಳೆಯ ಪದ್ಧತಿಯಲ್ಲಿ ಸಾಮಾನ್ಯವಾಗಿ 16 ಹೆಜ್ಜೆ ಮುಂದೆ ಹೋದರೂ ಕಾರು ಕ್ಷಮಿಸುತ್ತದೆ. ಅದಕ್ಕಿಂತ ಮುಂದೆ ಹೋದರೆ ಸಾಲಾಗಿ ಎರಡು ಗುಟ್ಟು ಕೇಳಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಯಾರೋ ತೊಳೆದ ಕೀಯನ್ನು ಒಳಗೇ ಕೂತು ಒತ್ತಿ ಒತ್ತಿ ನೋಡಿದ್ದಾರೆ.

ಬೆಲ್ಲದಚ್ಚು:
ನಾನೇ. ಟಿವಿ ನೋಡುತ್ತಾ ಐವತ್ತು ಸಲವಾದರೂ ಒತ್ತಿದ್ದೇನೆ.

ರೇಡಿಯೊ ತಾತ:
ಲಾಕ್ ಬಟನ್ ಕೆಳಗಿನ ಪುಟಾಣಿ ಸ್ವಿಚ್ಚಿನ ಒಳಗೆ ಸಕ್ಕರೆ ಗಟ್ಟಿಯಾಗಿದೆ. ಅದನ್ನು ತೊಳೆದು ಪ್ರಯೋಜನವಿಲ್ಲ, ಬದಲಾಯಿಸಿ. ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಮೊಬೈಲ್ ರಿಪೇರಿಯವರು ಬಿಸಿ ಗಾಳಿ ಹಾಕಿ ಹತ್ತು ನಿಮಿಷದಲ್ಲಿ ಕೂರಿಸುತ್ತಾರೆ. ಎತ್ತರ ಮಾತ್ರ ಹಳೆಯದರಷ್ಟೇ ಇರಲಿ. ಅರ್ಧ ಮಿಲಿಮೀಟರ್ ಜಾಸ್ತಿ ಆದರೂ ಕವಚ ಹಾಕಿದಾಗ ಬಟನ್ ಒತ್ತಿದ ಹಾಗೇ ಇರುತ್ತದೆ, ಸೆಲ್ ಎರಡು ದಿನಕ್ಕೆ ಖಾಲಿ.

ಶನಿವಾರ ಮೈಸೂರಿಗೆ ಬರುವುದಿದ್ದರೆ ನಾನೇ ಹಾಕಿಕೊಡುತ್ತೇನೆ. ಕಾಫಿ ನಿಮ್ಮದು.

ಇನ್ಶೂರೆನ್ಸ್ ಅಕ್ಕ:
ಎಲ್ಲ ಸರಿ, ಕಳೆದುಹೋದ ಆ ಎರಡನೇ ಕೀ ಬಗ್ಗೆ ಯಾರೂ ಮಾತಾಡುತ್ತಿಲ್ಲ! ಅದು ಯಾರ ಕೈಯಲ್ಲಿದೆಯೋ ಅವರಿಗೆ ನಿಮ್ಮ ಕಾರು ಈಗಲೂ ಸ್ಟಾರ್ಟ್ ಆಗುತ್ತದೆ. ಅಷ್ಟೇ ಅಲ್ಲ. ಉಳಿದಿರುವ ಒಂದು ಕೀಯೂ ಹೋದರೆ ಖರ್ಚು ಎಲ್ಲಿಗೋ ಹೋಗುತ್ತದೆ. ಕಾರು ಕಳುವಾಗಿ ಕ್ಲೇಮ್ ಹಾಕಿದರೆ ವಿಮೆಯವರು ಮೊದಲು ಕೇಳುವುದೇ ಎರಡೂ ಕೀ ಕೊಡಿ ಎಂದು. ಕಳೆದದ್ದಕ್ಕೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಎಂಬ ಆನ್‌ಲೈನ್ ಸೇವೆಯಲ್ಲಿ ದೂರು ದಾಖಲಿಸಿ ಪ್ರತಿ ಇಟ್ಟುಕೊಳ್ಳಿ. ನಿಮ್ಮ ಪಾಲಿಸಿಯಲ್ಲಿ ಕೀ ರಿಪ್ಲೇಸ್‌ಮೆಂಟ್ ಎಂಬ ಹೆಚ್ಚುವರಿ ಕವರ್ ಇದೆಯಾ ನೋಡಿ. ಇದ್ದರೆ ಹೊಸ ಕೀಗೆ ಅದರಿಂದಲೇ ಹಣ ಬರಬಹುದು.

ಹೆಬ್ಬಾಳ ಶಿಫ್ಟ್:
ರಸ್ತೆ ಬದಿಯವರ ಹತ್ತಿರ ಡೂಪ್ಲಿಕೇಟ್ ಮಾಡಿಸುವುದು ಸುರಕ್ಷಿತವಾ? ನನ್ನ ಚಿಪ್ ಹೋದ ಮೇಲೆ ಭಯಕ್ಕೆ ಶೋರೂಮಿಗೇ ಹೋದೆ. ಆರ್‌ಸಿ, ಆಧಾರ್ ಕೇಳಿದರು, ಹಣ ಮುಂಗಡ, ಕೀ ಬರಲು ಹದಿನೆಂಟು ದಿನ. ಅಷ್ಟು ದಿನ ಕಾರು ಮನೆ ಮುಂದೆ ಪಾರಿವಾಳಕ್ಕೆ ಬಿಟ್ಟುಕೊಟ್ಟೆ.

ಕೀಲಿಕೈ:
ನನ್ನ ಹೊಟ್ಟೆಪಾಡು ಅದೇ, ಆದರೂ ನೇರವಾಗಿ ಹೇಳುತ್ತೇನೆ. ಆರ್‌ಸಿ ಕೇಳದೆ ಕೀ ಮಾಡಿಕೊಡುವವರ ಹತ್ತಿರ ಹೋಗಬೇಡಿ. ನಿಮ್ಮನ್ನು ಕೇಳದವರು ಕಳ್ಳನನ್ನೂ ಕೇಳುವುದಿಲ್ಲ.

ಹೊಸ ಕೀ ಎರಡು ಥರ ಆಗುತ್ತದೆ. ಒಂದು, ಇರುವ ಚಿಪ್ಪನ್ನು ನಕಲು ಮಾಡುವುದು. ಅಗ್ಗ, ಬೇಗ. ಆದರೆ ಕಾರಿಗೆ ಎರಡೂ ಒಂದೇ ಕೀ ಎಂದು ಕಾಣುತ್ತದೆ, ಕಳೆದ ಕೀ ಹಾಗೇ ಚಾಲ್ತಿಯಲ್ಲಿರುತ್ತದೆ. ಇನ್ನೊಂದು, ಸ್ಟೀರಿಂಗ್ ಕೆಳಗೆ ಕಾರಿನ ಕಂಪ್ಯೂಟರ್ ಜೊತೆ ಮಾತಾಡಲು ಇರುವ ಒಬಿಡಿ ಪೋರ್ಟ್‌ಗೆ ಯಂತ್ರ ಸಿಕ್ಕಿಸಿ ಹೊಸ ಚಿಪ್ಪನ್ನು ಕಾರಿಗೆ ಪರಿಚಯ ಮಾಡಿಸುವುದು. ಆಗಲೇ ಕಳೆದ ಕೀಯ ಹೆಸರು ಅಳಿಸಿಹಾಕಿ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಎಷ್ಟೋ ಜನ ಮಾಡುವುದಿಲ್ಲ. ಅಳಿಸಿದರೂ ಹಳೆಯ ಬ್ಲೇಡ್ ಬಾಗಿಲು ತೆಗೆಯುತ್ತದೆ, ಅದು ನೆನಪಿರಲಿ. ಇಂಜಿನ್ ಮಾತ್ರ ಹತ್ತುವುದಿಲ್ಲ.

ಒಂದು ಕೀ ಕೈಯಲ್ಲಿದ್ದಾಗ ಎರಡನೆಯದು ಮಾಡಿಸುವುದು ಸುಲಭ. ಒಂದೂ ಇಲ್ಲದಿದ್ದರೆ ಕಾರನ್ನೇ ಹೊತ್ತುಕೊಂಡು ಬರಬೇಕಾಗಬಹುದು. ವಾರಂಟಿ ಇನ್ನೂ ಇರುವ ಹೊಸ ಕಾರು, ಅದರಲ್ಲೂ ಪುಶ್ ಬಟನ್ ಕಾರಾದರೆ ನಾನೇ ಗಿರಾಕಿಯನ್ನು ಶೋರೂಮಿಗೆ ಕಳಿಸುತ್ತೇನೆ. ಅಚ್ಚು ಅವರ 2017ರ ಕಾರಿಗೆ ಆ ಚಿಂತೆ ಬೇಡ.

ಬೆಲ್ಲದಚ್ಚು:
ಶನಿವಾರ ಮೈಸೂರಿಗೆ ಹೋಗಿ ಬಂದೆ. ತಾತನ ಮನೆಯ ವರಾಂಡದಲ್ಲಿ ಟೇಬಲ್ ಫ್ಯಾನು, ಹಳೆಯ ವಾಲ್ವ್ ರೇಡಿಯೊ, ಸೋಲ್ಡರ್ ವಾಸನೆ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಕೂತರು. ಲ್ಯಾಪ್‌ಟಾಪ್‌ಗೆ ರೇಡಿಯೊ ಅಲೆ ಹಿಡಿಯುವ ಒಂದು ಸಣ್ಣ ಡಾಂಗಲ್ ಸಿಕ್ಕಿಸಿ ನನಗೆ ತೋರಿಸಿದರು. ಅನ್‌ಲಾಕ್ ಒತ್ತಿದರೆ 433.92ರ ಹತ್ತಿರ ಗೆರೆ ಚಿಮ್ಮುತ್ತಿತ್ತು. ಲಾಕ್ ಒತ್ತಿದರೆ ಪರದೆ ಮಲಗಿಯೇ ಇತ್ತು. ಹಳೆಯ ಸ್ವಿಚ್ ಕಿತ್ತು ಚಿಮಟಿಯಲ್ಲಿ ಒಡೆದರೆ ಒಳಗೆ ಸಾಕ್ಷಾತ್ ಬೆಲ್ಲ, ಕಂದು ಬಣ್ಣದ್ದು, ಸಾಸಿವೆ ಕಾಳಿನಷ್ಟು. ಹೊಸ ಸ್ವಿಚ್ ಕೂರಿಸಿ ಒತ್ತಿದರು. ಗೆರೆ ಎದ್ದಿತು. ಕೆಳಗೆ ಹೋಗಿ ಕಾರಿಗೆ ಒತ್ತಿದೆ, ಬಾಗಿಲು ಲಾಕ್ ಆಯಿತು.

ದುಡ್ಡು ಮುಟ್ಟಲಿಲ್ಲ. ಕಾಫಿಯನ್ನೂ ಅವರೇ ಕೊಡಿಸಿದರು. ನಾನು ಒಯ್ದಿದ್ದ ಎರಡು ಕೆಜಿ ಅಚ್ಚು ಬೆಲ್ಲ ಮಾತ್ರ ಇಟ್ಟುಕೊಂಡರು. ವಾಪಸ್ ಬರುವಾಗ ಬನ್ನಿಮಂಟಪದಲ್ಲಿ ಕೀಲಿಕೈ ಅವರ ಹತ್ತಿರ ಎರಡನೇ ಕೀಗೆ ಆರ್‌ಸಿ ಪ್ರತಿ ಕೊಟ್ಟು ಬಂದಿದ್ದೇನೆ. ಕಳೆದದ್ದನ್ನು ಅಳಿಸಲೂ ಹೇಳಿದ್ದೇನೆ.

ನೂರಡಿ ರಸ್ತೆ:
ಇರುವೆ ಹೋಯ್ತಾ?

ಬೆಲ್ಲದಚ್ಚು:
ಕೀಯಿಂದ ಹೋಯ್ತು. ಫ್ಲಿಪ್ ಮಡಚುವ ಸ್ಪ್ರಿಂಗ್ ಗೂಡನ್ನು ತೊಳೆಯಲು ಮರೆತಿದ್ದೆ, ನಿನ್ನೆ ಅದನ್ನೂ ನೀರಿಗೆ ಹಾಕಿದೆ. ಮೊಳೆಯ ಹತ್ತಿರ ಇನ್ನೂ ಎರಡು ಓಡಾಡುತ್ತಿವೆ.